ಗೋಥಿಕ್ ಚರ್ಚುಗಳ ಹಳೆಯ ಗಾಜಿನ ಸ್ಲೈಡುಗಳು: ದೋಷ ಯಾವ ಪದರದಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಿಂದ ಪರದೆಗೆ ಬೀರುವ ಹಳೆಯ ಯಂತ್ರವಾದ ಮ್ಯಾಜಿಕ್ ಲ್ಯಾಂಟರ್ನಿನಲ್ಲಿ ತೋರಿಸಲೆಂದು ತಯಾರಾದ ಹಳೆಯ ಗಾಜಿನ ಸ್ಲೈಡಿನಲ್ಲಿ ಒಂದು ಕಲೆಯೋ ಮಸುಕೋ ಕಂಡ ಕೂಡಲೇ ಒರೆಸಿಬಿಡೋಣ ಎನಿಸುವುದು ಸಹಜ. ಆದರೆ ಒರೆಸುವುದಕ್ಕೆ ಮೊದಲು ಆ ದೋಷ ಎಲ್ಲಿದೆ ಎಂದು ತಿಳಿದಿರಬೇಕು. ಅದು ಹೊರಗಿನ ಗಾಜಿನ ಮೇಲಿರಬಹುದು, ಎರಡು ಗಾಜುಗಳ ನಡುವೆ ಇರಬಹುದು, ಚಿತ್ರವಿರುವ ತೆಳು ಪದರದಲ್ಲೇ ಇರಬಹುದು. ಸ್ಲೈಡು ತಯಾರಾದ ಮೂಲ ನೆಗೆಟಿವಿನಲ್ಲಿ ಇರಬಹುದು, ಕ್ಯಾಮೆರಾ ಇಟ್ಟ ರೀತಿಯಲ್ಲಿ ಇರಬಹುದು. ಗೋಥಿಕ್ (ಚೂಪು ಕಮಾನು, ಎತ್ತರದ ಶಿಖರಗಳ, ಮಧ್ಯಯುಗದ ಯುರೋಪಿನಲ್ಲಿ ಬೆಳೆದ ಶೈಲಿ) ಚರ್ಚುಗಳ ವಿಷಯದಲ್ಲಿ ಎಷ್ಟೋ ಸಲ ಅದು ಕಟ್ಟಡದಲ್ಲೇ ಇರುತ್ತದೆ. ಈ ಆರರಲ್ಲಿ ಮೊದಲ ಎರಡನ್ನು ಮಾತ್ರ ನಾವು ಕೈಯಿಂದ ಸರಿಪಡಿಸಬಹುದು. ಉಳಿದವನ್ನು ಗುರುತಿಸಿ, ಬರೆದಿಟ್ಟು, ಹಾಗೆಯೇ ಬಿಡಬೇಕು.

ನನ್ನ ಕೈಗೆ ಬಂದ ಮರದ ಪೆಟ್ಟಿಗೆಯೊಂದರಲ್ಲಿ ಫ್ರಾನ್ಸ್, ಇಂಗ್ಲೆಂಡ್, ಜರ್ಮನಿಗಳ ಕೆಥೀಡ್ರಲ್ಲುಗಳ ಐವತ್ತರಷ್ಟು ಸ್ಲೈಡುಗಳಿದ್ದವು. ಅವುಗಳಲ್ಲಿ ಬಣ್ಣದ ಗಾಜಿನ ಕಿಟಕಿಯೊಂದರ ಚಿತ್ರಕ್ಕೆ ಯಾರೋ ಒಂದು ಕಾಲದಲ್ಲಿ ಕೈಯಿಂದ ಬಹು ನಾಜೂಕಾಗಿ ಬಣ್ಣ ಹಾಕಿದ್ದರು. ಆಮೇಲೆ ಇನ್ಯಾರೋ ಅದರ ಅಂಚನ್ನು ಸುತ್ತಿದ್ದ ಕಾಗದದ ಪಟ್ಟಿ ಬಿಚ್ಚಿ, ಒಳಮೈಯನ್ನು ಒದ್ದೆ ಹತ್ತಿಯಿಂದ ಒರೆಸಿದ್ದರು. ಕಿಟಕಿಯ ನೀಲಿ ಬಣ್ಣ ಸೀಸದ ಗೆರೆಗಳನ್ನು ದಾಟಿ ಕಲ್ಲಿನ ಚೌಕಟ್ಟಿನ ಮೇಲೆ ಹರಡಿ ಒಣಗಿದೆ. ಹತ್ತಿಯನ್ನು ಎಡದಿಂದ ಬಲಕ್ಕೆ ಎಳೆದದ್ದು ಭೂತಗನ್ನಡಿಯಲ್ಲಿ ಗೆರೆ ಗೆರೆಯಾಗಿ ಕಾಣುತ್ತದೆ. ಅವರು ತೆಗೆಯಲು ಹೊರಟಿದ್ದ ಕಲೆ ಮಾತ್ರ ಇನ್ನೂ ಅಲ್ಲೇ ಇದೆ. ಅದು ಹೊದಿಕೆ ಗಾಜಿನ ಹೊರಮೈಗೆ ಅಂಟಿದ್ದ ಹಳೆಯ ಗೋಂದು, ಪಟ್ಟಿ ಬಿಚ್ಚದೆಯೇ ತೆಗೆಯಬಹುದಾಗಿದ್ದದ್ದು. ಈ ಕೈಪಿಡಿಯನ್ನು ಬರೆಯುವುದಕ್ಕೆ ಆ ಸ್ಲೈಡೇ ಕಾರಣ.

ಸ್ಲೈಡಿನ ಮೈಕಟ್ಟು

ಚಿತ್ರ ಒಂದು ಗಾಜಿನ ಒಳಮೈ ಮೇಲಿರುತ್ತದೆ. ಅದನ್ನು ಚಿತ್ರಗಾಜು ಎನ್ನೋಣ. ಅದರ ಮೇಲೆ ಚಿತ್ರದ ಅಂಚುಗಳನ್ನು ಮುಚ್ಚುವ ಕಪ್ಪು ಕಾಗದದ ಮಾಸ್ಕ್, ಮಾಸ್ಕಿನ ಮೇಲೆ ಚಿತ್ರವನ್ನು ಕಾಯುವ ಹೊದಿಕೆ ಗಾಜು, ಕೊನೆಗೆ ನಾಲ್ಕು ಅಂಚುಗಳನ್ನೂ ಸುತ್ತಿ ಅಂಟಿಸಿದ ಕಾಗದದ ಪಟ್ಟಿ. ಬ್ರಿಟನ್ನಿನ ಸ್ಲೈಡು ಸಾಮಾನ್ಯವಾಗಿ ಮೂರೂಕಾಲು ಅಂಗುಲದ ಚೌಕ, ಅಮೆರಿಕದ್ದು ಮೂರೂಕಾಲು ಅಂಗುಲಕ್ಕೆ 4 ಅಂಗುಲ, ಫ್ರಾನ್ಸಿನಲ್ಲಿ 8.5 ಸೆಂ.ಮೀ.ಗೆ 10 ಸೆಂ.ಮೀ. ಅಳತೆಯವು ಹೆಚ್ಚು. ಆದ್ದರಿಂದ ಅಳತೆಪಟ್ಟಿ ಇಟ್ಟು ನೋಡಿದರೆ ಸ್ಲೈಡು ಎಲ್ಲಿ ತಯಾರಾಯಿತು ಎಂಬುದರ ಮೊದಲ ಸುಳಿವು ಸಿಗುತ್ತದೆ. ಅದರಲ್ಲಿರುವ ಚರ್ಚು ಎಲ್ಲಿಯದು ಎಂಬುದು ಬೇರೆಯೇ ಪ್ರಶ್ನೆ, ಏಕೆಂದರೆ ಅಮೆರಿಕದ ಕಾಲೇಜುಗಳಲ್ಲಿ ವಾಸ್ತುಶಿಲ್ಪದ ಪಾಠಕ್ಕಾಗಿ ಬಳಸಿದ ಅಮೆರಿಕ ಅಳತೆಯ ಸ್ಲೈಡುಗಳಲ್ಲಿ ಇರುವುದು ಯುರೋಪಿನ ಕೆಥೀಡ್ರಲ್ಲುಗಳೇ.

ಚಿತ್ರದ ಪದರ ಯಾವುದರಿಂದ ಆಗಿದೆ ಎಂಬುದೂ ಮುಖ್ಯ. ಫಿಲಡೆಲ್ಫಿಯಾದ ಲ್ಯಾಂಗನ್‌ಹೈಮ್ ಸಹೋದರರು 1850ರಲ್ಲಿ ಪೇಟೆಂಟ್ ಪಡೆದ ಗಾಜಿನ ಸ್ಲೈಡುಗಳಲ್ಲಿ ಮೊಟ್ಟೆಯ ಬಿಳಿಯೇ ಚಿತ್ರವನ್ನು ಹಿಡಿದಿಡುವ ಪದರವಾಗಿತ್ತು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಪದರವಾಗಿ ಬಳಸುವ ವಿಧಾನವನ್ನು ಪ್ರಕಟಿಸಿದರು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ವಿಧಾನವನ್ನು ಮುಂದಿಟ್ಟರು. ಇಂದು ಪೆಟ್ಟಿಗೆಗಳಲ್ಲಿ ಸಿಗುವ ಚರ್ಚಿನ ಸ್ಲೈಡುಗಳಲ್ಲಿ ಬಹುಪಾಲು ಜೆಲಟಿನ್ ಪದರದವು. ನೀರು ತಗುಲಿದರೆ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಮದ್ಯಸಾರ ತಗುಲಿದರೆ ಕೊಲೋಡಿಯನ್ ಕರಗುತ್ತದೆ. ಒಂದಕ್ಕೆ ಹಾನಿ ಮಾಡದ ದ್ರವ ಇನ್ನೊಂದನ್ನು ಹಾಳು ಮಾಡುವುದರಿಂದ, ಚಿತ್ರದ ಮೈಗೆ ಯಾವ ದ್ರವವನ್ನೂ ಹಚ್ಚಬಾರದು ಎಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ.

ಮೂರು ಬೆಳಕಿನಲ್ಲಿ ನೋಡುವುದು

ಬೇಕಾದ ಸಾಮಾನು ಹೆಚ್ಚೇನಲ್ಲ: ಹಿಂದಿನಿಂದ ಸಮನಾಗಿ ಬೆಳಗುವ ಎಲ್‌ಇಡಿ ಫಲಕ, ಚಿಕ್ಕ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಕಪ್ಪು ಬಟ್ಟೆಯ ತುಂಡು, ನೈಟ್ರೈಲ್ ಕೈಗವಸು. ಸ್ಲೈಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಮೇಜಿನ ಮೇಲೆ ಮಡಿಸಿದ ಮೆತ್ತನೆಯ ಬಟ್ಟೆ ಹಾಸಿರಬೇಕು, ಏಕೆಂದರೆ ಹಳೆಯ ಪಟ್ಟಿ ಒಣಗಿ ಸಡಿಲವಾದ ಸ್ಲೈಡಿನಿಂದ ಒಂದು ಗಾಜು ಹೇಳದೆ ಕೇಳದೆ ಜಾರಿ ಬೀಳುತ್ತದೆ.

ಮೊದಲು ಫಲಕದ ಮೇಲಿಟ್ಟು ಹಿಂಬೆಳಕಿನಲ್ಲಿ ನೋಡಿರಿ. ಮಾಸಿದ ಭಾಗ, ಬಿರುಕು, ಬಣ್ಣದ ಏರುಪೇರು ಇದರಲ್ಲಿ ಕಾಣುತ್ತವೆ. ಆಮೇಲೆ ಫಲಕ ಆರಿಸಿ, ಟಾರ್ಚನ್ನು ಗಾಜಿನ ಮಟ್ಟಕ್ಕೆ ಇಳಿಸಿ ಬದಿಯಿಂದ ಬೆಳಕು ಹಾಯಿಸಿರಿ. ಧೂಳು, ಗೀರು, ಎದ್ದು ಬಂದ ಪದರ, ಬೆವರಿದ ಗಾಜಿನ ಹನಿಗಳು ಎಲ್ಲವೂ ನೆರಳು ಚೆಲ್ಲಿ ಎದ್ದು ತೋರುತ್ತವೆ. ಕೊನೆಗೆ ಸ್ಲೈಡನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಕಿಟಕಿಯ ಬೆಳಕು ಅದರ ಮೇಲಿಂದ ಪ್ರತಿಫಲಿಸುವಂತೆ ಓರೆಯಾಗಿ ನೋಡಿರಿ. ಅಂಚಿನ ಸುತ್ತ ನೀಲಿ ಛಾಯೆಯ ಲೋಹದ ಹೊಳಪು ಕಂಡರೆ ಅದು ಬೆಳ್ಳಿಯ ಕನ್ನಡಿತನ: ಚಿತ್ರದ ಬೆಳ್ಳಿ ತೇವಾಂಶ ಮತ್ತು ಮಲಿನ ಗಾಳಿಯಿಂದ ಆಕ್ಸಿಡೀಕರಣಗೊಂಡು ಮೇಲ್ಮೈಗೆ ಸರಿದು ಮತ್ತೆ ಲೋಹವಾಗಿ ನೆಲೆಸಿದ ಗುರುತು. ಹಿಂಬೆಳಕಿನಲ್ಲಿ ಇದು ಹೆಚ್ಚು ಕಾಣದು, ಆದ್ದರಿಂದ ಹಿಂಬೆಳಕಿನಲ್ಲಷ್ಟೇ ನೋಡಿದವರು ಇದನ್ನು ತಪ್ಪಿಸಿಬಿಡುತ್ತಾರೆ. ಇದನ್ನು ಒರೆಸಿ ತೆಗೆದರೆ ಹೋಗುವುದು ಚಿತ್ರದ್ದೇ ಬೆಳ್ಳಿ.

ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ಬದಿಬೆಳಕಿನಲ್ಲಿ ಚಿತ್ರದ ಕಪ್ಪು ಭಾಗಗಳು ದಪ್ಪವಾಗಿಯೂ ತಿಳಿ ಭಾಗಗಳು ತೆಳ್ಳಗಾಗಿಯೂ ಉಬ್ಬುತಗ್ಗಾಗಿ ಕಂಡರೆ, ಅದು ವುಡ್‌ಬರಿಟೈಪ್ ಎಂಬ ಮುದ್ರಣ ವಿಧಾನದ್ದಾಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಚಿತ್ರ ಬೆಳ್ಳಿಯದಲ್ಲ, ಜೆಲಟಿನ್ನಿನಲ್ಲಿ ಬೆರೆತ ವರ್ಣದ್ರವ್ಯದ್ದು. ಆದ್ದರಿಂದ ಅದಕ್ಕೆ ಬೆಳ್ಳಿಯ ಕನ್ನಡಿತನವೂ ಬರುವುದಿಲ್ಲ, ಬೆಳ್ಳಿ ಮಾಸುವಂತೆ ಅದು ಮಾಸುವುದೂ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಒಂದು ಸ್ಲೈಡು ಹೊಸದರಂತಿದ್ದು ಪಕ್ಕದ್ದು ಹಳದಿಯಾಗಿದ್ದರೆ ಕಾರಣ ಇದಾಗಿರಬಹುದು.

ಓರೆ ಮಾಡಿ ನೋಡುವ ಪರೀಕ್ಷೆ

ಕಲೆ ಯಾವ ಮೈಯಲ್ಲಿದೆ ಎಂದು ತಿಳಿಯಲು ಪಟ್ಟಿ ಬಿಚ್ಚಬೇಕಾಗಿಲ್ಲ. ಸ್ಲೈಡನ್ನು ಹಿಂಬೆಳಕಿನ ಎದುರು ಹಿಡಿದು, ಕಲೆಯ ಹತ್ತಿರ ಇರುವ ಒಂದು ಕಂಬದ ಅಂಚನ್ನೋ ಕಿಟಕಿಯ ಮೂಲೆಯನ್ನೋ ಗುರುತಾಗಿ ಇಟ್ಟುಕೊಂಡು, ಸ್ಲೈಡನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಓರೆ ಮಾಡಿರಿ. ಕಲೆ ಆ ಗುರುತಿನಿಂದ ಸರಿದಂತೆ ಕಂಡರೆ ಅದು ಗಾಜಿನ ಹೊರಮೈಯಲ್ಲಿದೆ. ಚಿತ್ರಕ್ಕೂ ಅದಕ್ಕೂ ನಡುವೆ ಒಂದು ಗಾಜಿನ ದಪ್ಪ ಇರುವುದರಿಂದ ಹಾಗೆ ಸರಿಯುತ್ತದೆ. ಕಲೆ ಗುರುತಿಗೆ ಅಂಟಿಕೊಂಡೇ ತಿರುಗಿದರೆ ಅದು ಚಿತ್ರದ ಪದರದಲ್ಲಿದೆ, ಇಲ್ಲವೇ ಅದಕ್ಕೂ ಹಿಂದಿನ ನೆಗೆಟಿವಿನಲ್ಲಿದೆ. ತೀರ ಕಡಿಮೆ ಸರಿದರೆ ಹೊದಿಕೆ ಗಾಜಿನ ಒಳಮೈಯಲ್ಲಿದೆ ಎಂದು ತಿಳಿಯಬೇಕು, ಏಕೆಂದರೆ ಅಲ್ಲಿ ನಡುವೆ ಇರುವುದು ಮಾಸ್ಕಿನ ಕಾಗದದಷ್ಟು ಅಂತರ ಮಾತ್ರ. ಬಿರುಕಿಗೂ ಇದೇ ಪರೀಕ್ಷೆ ಸಾಕು. ಒಡೆದದ್ದು ಹೊದಿಕೆ ಗಾಜಾದರೆ ಅದನ್ನು ಬದಲಿಸಬಹುದು; ಒಡೆದದ್ದು ಚಿತ್ರಗಾಜಾದರೆ ತುಂಡುಗಳಿಗೆ ಅಂಟು ಹಚ್ಚದೆ, ಸೆಲ್ಲೋ ಟೇಪ್ ಹಾಕದೆ, ಎರಡು ಹೊಸ ಗಾಜುಗಳ ನಡುವೆ ಜೋಡಿಸಿ ಇಡಬೇಕು.

ಬೂಷ್ಟನ್ನು ಗುರುತಿಸುವುದು ಗೋಥಿಕ್ ಚಿತ್ರಗಳಲ್ಲಿ ಸ್ವಲ್ಪ ಕಷ್ಟ. ಕಿಟಕಿಯ ತಲೆಯಲ್ಲಿ ಬಳ್ಳಿಯಂತೆ ಹೆಣೆದ ಕಲ್ಲಿನ ಕೆತ್ತನೆ, ಛಾವಣಿಯ ತುಂಬ ಬೀಸಣಿಗೆಯಂತೆ ಬಿಚ್ಚಿಕೊಂಡ ಕಮಾನಿನ ಎಳೆಗಳು, ಇವುಗಳ ನಡುವೆ ಬೂಷ್ಟಿನ ಎಳೆ ಅಡಗಿ ಕುಳಿತಿರುತ್ತದೆ. ಆದರೆ ಕಲ್ಲುಕುಟಿಗ ಎಳೆದ ಗೆರೆ ಎಲ್ಲೇ ನೋಡಿದರೂ ಒಂದು ವೃತ್ತದ ತುಣುಕು. ಕೈವಾರದಿಂದ ಹುಟ್ಟಿದ್ದರಿಂದ ಅದು ಎಡಬಲಕ್ಕೆ ಸಮನಾಗಿರುತ್ತದೆ, ಒಂದು ಕಡೆ ಇದ್ದದ್ದು ಎದುರು ಕಡೆಯೂ ಇರುತ್ತದೆ. ಬೂಷ್ಟಿನ ಎಳೆ ಒಂದು ಬಿಂದುವಿನಿಂದ ಹೊರಟು ಕವಲೊಡೆಯುತ್ತ, ಕಂಬ ಕಿಟಕಿ ಎನ್ನದೆ ದಾಟುತ್ತ ಹೋಗುತ್ತದೆ, ಎಷ್ಟೋ ಬಾರಿ ಮಾಸ್ಕಿನ ಕೆಳಗಿನವರೆಗೂ ಹಬ್ಬಿರುತ್ತದೆ. ಬೂಷ್ಟು ಕಂಡ ಸ್ಲೈಡನ್ನು ಉಳಿದವುಗಳಿಂದ ಬೇರೆ ಮಾಡಿ ಒಣ ಜಾಗದಲ್ಲಿಡಬೇಕು. ಎಳೆ ಚಿತ್ರದ ಜೆಲಟಿನ್ನಿನೊಳಗೆ ಇಳಿದಿದ್ದರೆ ಅದು ತಿಂದದ್ದು ತಿರುಗಿ ಬರುವುದಿಲ್ಲ. ಹೊದಿಕೆ ಗಾಜಿಗೆ ಮಾತ್ರ ಹಿಡಿದಿದ್ದರೆ ಆ ಗಾಜನ್ನು ಬದಲಿಸಿದರೆ ಸಾಕು.

ಎರಡು ಗಾಜುಗಳ ನಡುವಿನ ತೊಂದರೆಗಳು

ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಗಾಬರಿ ಬೇಡ. ಎರಡು ನುಣುಪಾದ ಮೈಗಳು ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಹತ್ತಿರ ಬಂದಾಗ ಬೆಳಕು ಮಾಡುವ ಕೆಲಸ ಅದು. ನ್ಯೂಟನ್ನನ ಉಂಗುರಗಳೆಂದು ಹೆಸರು. ಗಾಜನ್ನು ಮೆಲ್ಲಗೆ ಒತ್ತಿದರೆ ಉಂಗುರಗಳು ಚಲಿಸುತ್ತವೆ. ಕಲೆ ಹಾಗೆ ಚಲಿಸುವುದಿಲ್ಲ.

ಗಾಜಿನ ಬೆವರು ಹೆಚ್ಚು ಗಂಭೀರ. ಹಳೆಯ ಗಾಜಿನ ಕೆಲವು ಪಾಕಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಂಶ ಹೆಚ್ಚಾಗಿದ್ದು, ಗಾಳಿಯ ತೇವವನ್ನು ಹೀರಿಕೊಂಡು ಅವು ಮೇಲ್ಮೈಗೆ ಒಸರುತ್ತವೆ. ಬದಿಬೆಳಕಿನಲ್ಲಿ ಸಾಸಿವೆಗಿಂತ ಸಣ್ಣ ಹನಿಗಳು ಸಾಲುಗಟ್ಟಿರುವುದು, ಒಣಗಿದ ಮೇಲೆ ಬಿಳಿಯ ಹರಳು ಕಟ್ಟಿರುವುದು ಕಾಣುತ್ತದೆ. ಈ ಹನಿ ಕ್ಷಾರೀಯವಾದದ್ದು. ಒಳಮೈಯಲ್ಲಿದ್ದರೆ ಎದುರಿನ ಜೆಲಟಿನ್ನನ್ನು ಕೆಡಿಸುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇಂಥ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟವರು ಇದನ್ನು ಮೊದಲು ನೋಡಬೇಕು. ಬೆವರುತ್ತಿರುವುದು ಹೊದಿಕೆ ಗಾಜಾದರೆ ಅದನ್ನು ಹೊಸ ಬೋರೊಸಿಲಿಕೇಟ್ ಗಾಜಿನಿಂದ ಬದಲಿಸುವುದೇ ಸರಿ.

ಲ್ಯಾಂಟರ್ನಿನಲ್ಲಿ ಹಾಕಿದ ಕೂಡಲೇ ಪರದೆಯ ಮೇಲೆ ಮಂಜು ಮುಸುಕಿ, ಸ್ವಲ್ಪ ಹೊತ್ತಿನಲ್ಲಿ ತಾನೇ ಕರಗಿ ಹೋಗುವುದುಂಟು. ಅದು ತಣ್ಣನೆಯ ಸ್ಲೈಡು ಮತ್ತು ಒಳಗೆ ಸಿಕ್ಕಿದ ತೇವ ಸೇರಿ ಮಾಡಿದ್ದು. ಹಿಂದಿನ ಉಪನ್ಯಾಸಕರು ಇದಕ್ಕಾಗಿಯೇ ಸ್ಲೈಡುಗಳನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನಾನಾದರೆ ಹಳೆಯ ಸ್ಲೈಡುಗಳನ್ನು ಬಿಸಿ ದೀಪದ ಮುಂದೆ ಹಾಕಲೇಬಾರದು ಎನ್ನುತ್ತೇನೆ. ಡಿಜಿಟಲ್ ಪ್ರತಿ ತೆಗೆದು ಅದನ್ನು ತೋರಿಸಬೇಕು.

ನೆಗೆಟಿವಿನಿಂದ ಬಂದ ದೋಷಗಳು

ಚರ್ಚಿನ ಒಳಾಂಗಣದ ಚಿತ್ರಗಳಲ್ಲಿ ಪ್ರತಿ ಕಿಟಕಿಯ ಸುತ್ತಲೂ ಹಾಲಿನಂಥ ಬೆಳ್ಳನೆಯ ಮಬ್ಬು ಹರಡಿರುವುದನ್ನು ಮೊದಲ ಸಲ ನೋಡಿದಾಗ ನಾನು ಬೂಷ್ಟೆಂದೇ ಎಣಿಸಿದ್ದೆ. ಒಂದು ಸ್ಲೈಡಿನ ಪಟ್ಟಿಯನ್ನು ಬಿಚ್ಚಿಯೂ ಬಿಟ್ಟೆ. ಒಳಗೆ ಗಾಜು ಶುಚಿಯಾಗಿತ್ತು, ಪದರ ನುಣುಪಾಗಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದುಕೊಂಡಿದ್ದ ಮೂಲ ಪಟ್ಟಿಯನ್ನು ನಾನು ಕಾರಣವಿಲ್ಲದೆ ಕತ್ತರಿಸಿದ್ದೆ, ಆ ಬೇಸರ ಇನ್ನೂ ಹೋಗಿಲ್ಲ. ಆ ಮಬ್ಬಿಗೆ ಹ್ಯಾಲೇಶನ್ ಎಂದು ಹೆಸರು. ಕತ್ತಲೆಯ ನಡುಸಾಲೆಯನ್ನು ಹಿಡಿಯಲು ಛಾಯಾಗ್ರಾಹಕ ಹಲವು ನಿಮಿಷ, ಕೆಲವೊಮ್ಮೆ ಗಂಟೆಗಳ ಕಾಲ ಮಸೂರವನ್ನು ತೆರೆದಿಡಬೇಕಾಗುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಬೆಳಕು ನೆಗೆಟಿವಿನ ಪದರವನ್ನು ದಾಟಿ, ಗಾಜಿನ ಹಿಂಬದಿಗೆ ತಾಕಿ, ಹಿಂದಿರುಗಿ ಬಂದು ಸುತ್ತಲಿನ ಜಾಗವನ್ನೂ ಬೆಳಗಿಸಿಬಿಡುತ್ತಿತ್ತು. ನೆಗೆಟಿವಿನ ಗಾಜಿನ ಪ್ಲೇಟಿನ ಹಿಂಬದಿಗೆ ಬೆಳಕನ್ನು ಹೀರುವ ಲೇಪ ಬಳಿಯುವ ಪದ್ಧತಿ ಹುಟ್ಟಿದ್ದು ಇದನ್ನು ತಡೆಯಲಿಕ್ಕೆ. ಗುರುತಿಸುವುದು ಸುಲಭ: ಮಬ್ಬು ಅತಿ ಹೆಚ್ಚು ಬೆಳಗುವ ಕಿಟಕಿಯ ಸುತ್ತ ಅತಿ ಅಗಲವಾಗಿದ್ದು, ಬೆಳಕಿಲ್ಲದ ಕಂಬಗಳ ಮೇಲೆ ಇರುವುದೇ ಇಲ್ಲ. ಬೂಷ್ಟಿಗೆ ಕಿಟಕಿಯ ಮೇಲೆ ಅಂಥ ಒಲವೇನೂ ಇಲ್ಲ. ಅದು ಬಹುಮಟ್ಟಿಗೆ ಗಾಳಿ ಒಳನುಗ್ಗುವ ಅಂಚಿನಿಂದ ಶುರುವಾಗುತ್ತದೆ.

ಇದೇ ದೀರ್ಘ ಕಾಲದ ಪರಿಣಾಮವಾಗಿ ನೆಲದ ಮೇಲೆ ಅರೆಪಾರದರ್ಶಕ ಮನುಷ್ಯಾಕೃತಿ ಕಾಣಬಹುದು. ಅದು ಎರಡು ಚಿತ್ರ ಒಂದರ ಮೇಲೊಂದು ಬಿದ್ದದ್ದಲ್ಲ. ಯಾರೋ ಸ್ವಲ್ಪ ಹೊತ್ತು ನಿಂತು ಹೊರಟು ಹೋದದ್ದು.

ಬಣ್ಣದ ಗಾಜಿನ ಕಿಟಕಿಗಳ ಕಪ್ಪುಬಿಳುಪು ಸ್ಲೈಡುಗಳಲ್ಲಿ ಇನ್ನೊಂದು ತಪ್ಪು ಗ್ರಹಿಕೆಗೆ ಎಡೆಯಿದೆ. ಹಳೆಯ ಪ್ಲೇಟುಗಳು ನೀಲಿ ಬೆಳಕಿಗೆ ಅತಿ ಸೂಕ್ಷ್ಮ, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಹೀಗಾಗಿ ಫ್ರಾನ್ಸಿನ ಶಾರ್ತ್ರ್ ಕೆಥೀಡ್ರಲ್ಲಿನ ಹೆಸರಾದ ನೀಲಿ ಗಾಜು ಸ್ಲೈಡಿನಲ್ಲಿ ಬಿಳಿಯಾಗಿ, ಅದರ ಪಕ್ಕದ ಕೆಂಪು ಗಾಜು ಕರಿಯಾಗಿ ಕಾಣುತ್ತದೆ. ನೋಡಿದವರು ನೀಲಿಯ ಭಾಗ ಮಾಸಿಹೋಗಿದೆ ಎಂದುಕೊಳ್ಳುತ್ತಾರೆ. ಮಾಸಿಲ್ಲ, ಪ್ಲೇಟು ಕಂಡದ್ದೇ ಹಾಗೆ. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಬಣ್ಣ ಬೆರೆಸಿ ಪ್ಲೇಟಿನ ದೃಷ್ಟಿಯನ್ನು ಹಸಿರಿನತ್ತ ಹಿಗ್ಗಿಸುವ ದಾರಿ ಕಂಡುಕೊಂಡರು. ಕೆಂಪನ್ನೂ ಕಾಣುವ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಆಕಾಶವೂ ನೀಲಿಯೇ ಆದ್ದರಿಂದ ಅದು ಬರಿಯ ಬಿಳಿಯಾಗಿ ಬರುತ್ತಿತ್ತು, ಅಲ್ಲಿನ ಕಲೆಗಳನ್ನು ಮರೆಸಲು ನೆಗೆಟಿವಿನ ಆಕಾಶಕ್ಕೆ ಬಣ್ಣ ಬಳಿಯುತ್ತಿದ್ದರು. ಶಿಖರಗಳ ಅಂಚಿನಗುಂಟ ಕತ್ತರಿಸಿದಂಥ ಗೆರೆ ಕಂಡರೆ ಪದರ ಕಿತ್ತಿದೆ ಎನ್ನುವ ಮೊದಲು ಬದಿಬೆಳಕಿನಲ್ಲಿ ನೋಡಿರಿ. ನೆರಳು ಬೀಳದಿದ್ದರೆ ಅದು ಕುಂಚದ ಗೆರೆ.

ಕೈಯಿಂದ ಬಣ್ಣ ಹಾಕಿದ್ದಕ್ಕೂ ನಿಜವಾದ ಬಣ್ಣದ ಛಾಯಾಚಿತ್ರಕ್ಕೂ ವ್ಯತ್ಯಾಸ ಭೂತಗನ್ನಡಿಯಲ್ಲಿ ತಿಳಿಯುತ್ತದೆ. ಲುಮಿಯೇರ್ ಸಹೋದರರು 1907ರಲ್ಲಿ ಮಾರಾಟಕ್ಕೆ ತಂದ ಆಟೋಕ್ರೋಮ್ ಪ್ಲೇಟಿನಲ್ಲಿ ಕಿತ್ತಳೆ, ಹಸಿರು, ನೇರಳೆ ಬಣ್ಣ ಕೊಟ್ಟ ಆಲೂಗಡ್ಡೆ ಪಿಷ್ಟದ ಕಣಗಳು ಚಿತ್ರದ ಉದ್ದಗಲಕ್ಕೂ ಹರಡಿರುತ್ತವೆ. ಅದರಲ್ಲಿ ಹಸಿರು ಚುಕ್ಕೆಗಳು ಕಂಡರೆ ತೇವ ತಗುಲಿ ಬಣ್ಣ ಹರಿದಿದೆ ಎಂದರ್ಥ. ಆಟೋಕ್ರೋಮನ್ನು ಬೆಳಕಿನ ಫಲಕದ ಮೇಲೆ ಕೆಲಸಕ್ಕೆ ಬೇಕಾದಷ್ಟು ಹೊತ್ತು ಮಾತ್ರ ಇಡಬೇಕು.

ವಾಲಿದ ಗೋಪುರ: ಕ್ಯಾಮೆರಾದ ತಪ್ಪೋ, ಚರ್ಚಿನದೋ

ಗೋಡೆಗಳು ಮೇಲೆ ಹೋದಂತೆ ಒಂದನ್ನೊಂದು ಸಮೀಪಿಸುತ್ತಿದ್ದರೆ ಮೊದಲು ಮಾಸ್ಕಿನ ಅಂಚನ್ನು ನೋಡಬೇಕು. ಡಿಜಿಟಲ್ ಪ್ರತಿಯಲ್ಲಿ ಮಾಸ್ಕಿನ ಎಡಬಲ ಅಂಚುಗಳೂ ಹಾಗೆಯೇ ಸಮೀಪಿಸಿದ್ದರೆ ತಪ್ಪು ನಮ್ಮದು. ಪ್ರತಿ ತೆಗೆಯುವಾಗ ಕ್ಯಾಮೆರಾ ಸ್ಲೈಡಿಗೆ ಸಮಾನಾಂತರವಾಗಿರಲಿಲ್ಲ. ಮಾಸ್ಕು ನೆಟ್ಟಗಿದ್ದು ಕಟ್ಟಡದ ಎಲ್ಲ ನೇರ ಗೆರೆಗಳೂ ಒಂದೇ ಬಗೆಯಲ್ಲಿ ಒಳಬಾಗಿದ್ದರೆ ಅಂದಿನ ಛಾಯಾಗ್ರಾಹಕ ಶಿಖರವನ್ನು ಹಿಡಿಯಲು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದಾನೆ. ನುರಿತವರು ಹಾಗೆ ಮಾಡದೆ, ಕ್ಯಾಮೆರಾವನ್ನು ಮಟ್ಟವಾಗಿಟ್ಟು ಮಸೂರದ ಹಲಗೆಯನ್ನು ಮಾತ್ರ ಮೇಲೆ ಸರಿಸುತ್ತಿದ್ದರು. ಅತಿಯಾಗಿ ಸರಿಸಿದರೆ ಚಿತ್ರದ ಮೇಲಿನ ಎರಡು ಮೂಲೆಗಳು ಬಿಲ್ಲಿನಾಕಾರದಲ್ಲಿ ಕಪ್ಪಾಗುತ್ತವೆ. ಅದನ್ನು ಮುಚ್ಚಲು ಮೇಲ್ಭಾಗ ದುಂಡಗಿರುವ ಮಾಸ್ಕ್ ಹಾಕಿರುವುದೂ ಉಂಟು. ಆ ಕಪ್ಪನ್ನು ಬೆಳ್ಳಿಯ ವಿಕಾರ ಎಂದು ತಿಳಿಯಬಾರದು.

ಇವೆರಡೂ ಅಲ್ಲದೆ, ಒಂದು ಗೆರೆ ಮಾತ್ರ ವಾಲಿ ಉಳಿದವು ನೆಟ್ಟಗಿದ್ದರೆ, ಕಟ್ಟಡವನ್ನೇ ಸಂಶಯಿಸಬೇಕು. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನ ಸೇಂಟ್ ಮೇರಿ ಮತ್ತು ಆಲ್ ಸೇಂಟ್ಸ್ ಚರ್ಚಿನ ಶಿಖರ ಮರದ ಚೌಕಟ್ಟಿಗೆ ಸೀಸದ ಹೊದಿಕೆ ಹಾಕಿ ಕಟ್ಟಿದ್ದು. ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು 9 ಅಡಿಗೂ ಹೆಚ್ಚು ವಾಲಿದೆ. ಅದರ ಸ್ಲೈಡನ್ನು ನೋಡಿದವರು ಶಾಖಕ್ಕೆ ಜೆಲಟಿನ್ ಹರಿದಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಸಾಲ್ಸ್‌ಬರಿಯಲ್ಲಿ ಕೆಥೀಡ್ರಲ್ಲಿನ 123 ಮೀಟರ್ ಎತ್ತರದ ಶಿಖರದ ಭಾರ ಹೊತ್ತ ನಾಲ್ಕು ಕಂಬಗಳು ಕಣ್ಣಿಗೆ ಕಾಣುವಷ್ಟು ಬಾಗಿವೆ. ಫ್ರಾನ್ಸಿನ ಬ್ರಿಟಾನಿ ಪ್ರಾಂತ್ಯದ ಕಾಂಪೇರ್ ಕೆಥೀಡ್ರಲ್ಲಿನಲ್ಲಿ ನಡುಸಾಲೆಗೂ ಬಲಿಪೀಠದ ಭಾಗಕ್ಕೂ ಒಂದೇ ನೇರವಿಲ್ಲ. ನಡುವೆ ನಿಂತು ತೆಗೆದ ಚಿತ್ರದಲ್ಲಿ ಕಟ್ಟಡ ಪಕ್ಕಕ್ಕೆ ತಿರುಗಿದಂತೆ ಕಾಣುತ್ತದೆ, ಕ್ಯಾಮೆರಾ ಸರಿಯಾಗಿಯೇ ಇರುತ್ತದೆ.

ಬ್ರೂಕ್ಲಿನ್ ಮ್ಯೂಸಿಯಮ್ಮಿನ ಕ್ಯುರೇಟರ್ ಆಗಿದ್ದ ವಿಲಿಯಂ ಹೆನ್ರಿ ಗುಡ್‌ಇಯರ್ ಅವರು ಈ ಪ್ರಶ್ನೆಗೆ ಜೀವಮಾನದ ಬಹುಭಾಗವನ್ನೇ ಕೊಟ್ಟರು. 19ನೇ ಶತಮಾನದ ಕೊನೆಯಿಂದ ಹಲವು ಬಾರಿ ಯುರೋಪಿಗೆ ಹೋಗಿ, ಮಧ್ಯಯುಗದ ಚರ್ಚುಗಳ ಗೋಡೆಗಳು ಹೊರಕ್ಕೆ ವಾಲಿರುವುದನ್ನು ಅಳೆದು, ಛಾಯಾಚಿತ್ರ ತೆಗೆದು, ಅದು ಕುಸಿತವಲ್ಲ, ಕಟ್ಟಿದವರು ಬೇಕೆಂದೇ ಮಾಡಿದ ಸೂಕ್ಷ್ಮ ಎಂದು ವಾದಿಸಿದರು. ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ನಮ್ಮ ಕೆಲಸಕ್ಕೆ ಇದರಲ್ಲಿ ಒಂದು ಎಚ್ಚರಿಕೆ ಇದೆ: ವಾಲುವಿಕೆಯನ್ನು ದಾಖಲಿಸಲೆಂದೇ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರೆ ಆ ಚಿತ್ರದಲ್ಲಿದ್ದ ವಿಷಯವನ್ನೇ ಅಳಿಸಿದಂತೆ. ಮೂಲ ಫೈಲನ್ನು ಇದ್ದ ಹಾಗೆಯೇ ಉಳಿಸಿ, ತಿದ್ದುವುದಾದರೆ ಪ್ರತಿಯಲ್ಲಿ ಮಾತ್ರ ತಿದ್ದಬೇಕು.

ಎಡಬಲ ಅದಲುಬದಲಾದ ಚಿತ್ರ ಮತ್ತು ತಪ್ಪು ಚೀಟಿ

ಸ್ಲೈಡನ್ನು ಯಾವ ಮೈಯಿಂದ ನೋಡಬೇಕು ಎಂದು ತಿಳಿಸಲು ಬಿಳಿ ಚುಕ್ಕೆ ಅಂಟಿಸುವ ವಾಡಿಕೆ ಇತ್ತು. ಅಮೆರಿಕದ ಸ್ಲೈಡುಗಳಲ್ಲಿ ಚಿತ್ರ ನೆಟ್ಟಗೆ ಕಾಣುವಂತೆ ಹಿಡಿದಾಗ ಕೆಳಗಿನ ಎಡಮೂಲೆಯಲ್ಲಿ ಒಂದು ಚುಕ್ಕೆ. ತಲೆಕೆಳಗಾಗಿ ಲ್ಯಾಂಟರ್ನಿಗೆ ಸೇರಿಸುವಾಗ ಬಲಗೈಯ ಹೆಬ್ಬೆರಳು ಅದರ ಮೇಲೆ ಬರುತ್ತದೆ. ಬ್ರಿಟನ್ನಿನವುಗಳಲ್ಲಿ ಎಷ್ಟೋ ಬಾರಿ ಮೇಲ್ತುದಿಯಲ್ಲಿ ಎರಡು ಚುಕ್ಕೆ. ಚುಕ್ಕೆ ಅಂಟಿಸಿದವರೂ ತಪ್ಪಬಹುದು, ಆದ್ದರಿಂದ ನಾನು ಕಟ್ಟಡದ ಸಾಕ್ಷಿಯನ್ನೇ ಹೆಚ್ಚು ನಂಬುತ್ತೇನೆ.

ಚರ್ಚಿನ ಬಲಿಪೀಠ ಪೂರ್ವಕ್ಕೂ ಮುಂಭಾಗ ಪಶ್ಚಿಮಕ್ಕೂ ಇರುವುದು ಪದ್ಧತಿ. ಮುಂಭಾಗದ ಎದುರು ನಿಂತವರಿಗೆ ಎಡಗಡೆ ಉತ್ತರ, ಬಲಗಡೆ ದಕ್ಷಿಣ. ಶಾರ್ತ್ರ್‌ನಲ್ಲಿ ಎಡಗಡೆಯ ಗೋಪುರ ಎತ್ತರವಾಗಿದ್ದು, 1507ರಿಂದ 1513ರ ನಡುವೆ ಜಾನ್ ದ ಬೋಸ್ ಕಟ್ಟಿದ ಕುಸುರಿ ತುಂಬಿದ ಶಿಖರವನ್ನು ಹೊತ್ತಿದೆ. ಬಲಗಡೆಯದು ಅದಕ್ಕಿಂತ ಗಿಡ್ಡ, ಸಾದಾ. ಸ್ಟ್ರಾಸ್‌ಬರ್ಗಿನಲ್ಲಿ 1439ರಲ್ಲಿ ಮುಗಿದ 142 ಮೀಟರಿನ ಒಂಟಿ ಶಿಖರ ಎಡಗಡೆಗಿದೆ. ಸಾನ್ಸ್‌ನಲ್ಲಿ ಎತ್ತರದ ಗೋಪುರ ಬಲಗಡೆಯದು. ನನ್ನ ಪೆಟ್ಟಿಗೆಯ ಶಾರ್ತ್ರ್ ಸ್ಲೈಡಿನಲ್ಲಿ ಚುಕ್ಕೆ ನೋಡಿ ಹಿಡಿದರೆ ಕುಸುರಿಯ ಶಿಖರ ಬಲಕ್ಕೆ ಬರುತ್ತದೆ. ಅಂದರೆ ಚುಕ್ಕೆ ತಪ್ಪು ಮೈಯಲ್ಲಿದೆ, ಚಿತ್ರ ಸರಿಯಾಗಿದೆ.

ಎರಡು ಗೋಪುರಗಳೂ ಒಂದೇ ಥರ ಇರುವ ಕಡೆ ನೆರಳು ಸಹಾಯಕ್ಕೆ ಬರುತ್ತದೆ. ಪಶ್ಚಿಮದ ಮುಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ, ನೈರುತ್ಯದ ಕಡೆಯಿಂದ, ಅಂದರೆ ನೋಡುವವರ ಬಲಗಡೆಯಿಂದ. ಹಾಗಾಗಿ ಗೋಡೆಯಿಂದ ಮುಂಚಾಚಿದ ಆಸರೆಗಂಬಗಳ ನೆರಳು ಎಡಕ್ಕೆ ಬೀಳಬೇಕು. ಬಲಕ್ಕೆ ಬಿದ್ದಿದ್ದರೆ ಚಿತ್ರ ಅದಲುಬದಲಾಗಿದೆ ಎಂಬ ಸಂಶಯ ಬಲವಾಗುತ್ತದೆ. ಬೇಸಿಗೆಯ ಸಂಜೆ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿಯುವುದರಿಂದ ಅಲ್ಲಿ ಮಾತ್ರ ಈ ಲೆಕ್ಕ ತಪ್ಪಬಹುದು. ಎಲ್ಲ ಚರ್ಚುಗಳೂ ನೇರ ಪೂರ್ವಕ್ಕಿಲ್ಲ ಎಂಬುದನ್ನೂ ನೆನಪಿಡಬೇಕು: ಶಾರ್ತ್ರ್ ಈಶಾನ್ಯಕ್ಕೆ ತಿರುಗಿದೆ, 1904ರಲ್ಲಿ ಶಂಕುಸ್ಥಾಪನೆಯಾದ ಲಿವರ್‌ಪೂಲಿನ ಆಂಗ್ಲಿಕನ್ ಕೆಥೀಡ್ರಲ್ ಉತ್ತರ ದಕ್ಷಿಣವಾಗಿ ಚಾಚಿದೆ. ನೆರಳಿನ ಲೆಕ್ಕಕ್ಕೆ ಮೊದಲು ನಕ್ಷೆ ನೋಡಿರಿ.

ಕಟ್ಟಡದ ಹೆಸರು ಬರೆದು ಅಂಟಿಸಿದ ಚೀಟಿಯ ತಪ್ಪುಗಳಲ್ಲಿ ನಾನು ಅತಿ ಹೆಚ್ಚು ಕಂಡದ್ದು ಫ್ರಾನ್ಸಿನ ರೀಮ್ಸ್ ಮತ್ತು ಆಮ್ಯಾಂ ಕೆಥೀಡ್ರಲ್ಲುಗಳ ಗೊಂದಲ. ಸಾಲು ಸಾಲು ರಾಜರ ವಿಗ್ರಹಗಳು ದುಂಡು ಗುಲಾಬಿ ಕಿಟಕಿಯ ಮೇಲಿದ್ದರೆ ರೀಮ್ಸ್, ಕೆಳಗಿದ್ದರೆ ಆಮ್ಯಾಂ. ಬಾಗಿಲ ಮೇಲಿನ ಕಮಾನಿನಲ್ಲಿ ಶಿಲ್ಪದ ಬದಲು ಗಾಜಿನ ಕಿಟಕಿ ಇದ್ದರೆ ಅದೂ ರೀಮ್ಸ್. ರೀಮ್ಸ್‌ನ ಛಾವಣಿ ಇಲ್ಲದ ಚಿತ್ರ ಸಿಕ್ಕರೆ ಅದು ಸವೆದ ಪದರವಲ್ಲ. 1914ರ ಸೆಪ್ಟೆಂಬರಿನ ಶೆಲ್ ದಾಳಿಯಲ್ಲಿ ಸುಟ್ಟ ಛಾವಣಿ. ಕಾಣೆಯಾದ ಶಿಖರ ಇದೇ ರೀತಿ ಕಾಲವನ್ನು ಹೇಳುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್‌ನ ನಡುವೆ ಶಿಖರ ಇಲ್ಲದಿದ್ದರೆ ಚಿತ್ರ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ 1859ರಲ್ಲಿ ಅದನ್ನು ಕಟ್ಟಿಸುವ ಮೊದಲಿನದು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಮಾದರಿ ಎಂದು ಹೆಸರಾದ ಜರ್ಮನಿಯ ಕಲೋನ್ ಕೆಥೀಡ್ರಲ್ಲಿನ ಜೋಡಿ ಶಿಖರಗಳು ಪೂರ್ಣವಾದದ್ದು 1880ರಲ್ಲಿ. ಮೊಂಡಾದ ಗೋಪುರದ ತಲೆಯ ಮೇಲೆ ಮರದ ಕ್ರೇನ್ ಕಂಡರೆ ಅದನ್ನು ಗೀರೆಂದು ತಿದ್ದಬೇಡಿರಿ. ಮಧ್ಯಯುಗದಲ್ಲಿ ಅರ್ಧಕ್ಕೆ ನಿಂತ ಕೆಲಸದ ಆ ಕ್ರೇನ್ 1868ರವರೆಗೂ ಅಲ್ಲೇ ಇತ್ತು.

ಕೈಯಿಟ್ಟು ಮಾಡುವ ಕೆಲಸ

ದೋಷ ಹೊರಮೈಯಲ್ಲಿದೆ ಎಂದು ಖಚಿತವಾದರೆ ಮೊದಲು ಗಾಳಿಬಲ್ಬಿನಿಂದ ಧೂಳು ಊದಿ, ಮೆತ್ತನೆಯ ಕುಂಚದಿಂದ ಗುಡಿಸಿ, ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ತೇವಗೊಳಿಸಿ ಚೆನ್ನಾಗಿ ಹಿಂಡಿದ ಹತ್ತಿಯಿಂದ ಗಾಜಿನ ನಡುವೆ ಮಾತ್ರ ಒರೆಸಬೇಕು. ಅಂಚಿನ ಪಟ್ಟಿಯ ಹತ್ತಿರ ಹೋಗಬಾರದು; ಅಲ್ಲಿ ತೇವ ಒಳಕ್ಕೆ ಹೀರುತ್ತದೆ. ಹೊದಿಕೆ ಗಾಜು ಬದಲಿಸಲೇಬೇಕಾದರೆ ಮೊದಲು ಎರಡೂ ಬದಿಯ ಚಿತ್ರ ತೆಗೆದಿಟ್ಟು, ಪಟ್ಟಿಯನ್ನು ಹರಿತವಾದ ಬ್ಲೇಡಿನಿಂದ ಎರಡು ಗಾಜುಗಳ ನಡುವಿನ ಗೆರೆಯಗುಂಟ ಸೀಳಬೇಕು. ಹಳೆಯ ಪಟ್ಟಿ, ಮಾಸ್ಕ್, ಚೀಟಿ ಯಾವುದನ್ನೂ ಎಸೆಯಬಾರದು. ಬದಿಬೆಳಕಿನಲ್ಲಿ ಪದರ ಅಂಚಿನಲ್ಲಿ ಸುರುಳಿ ಎದ್ದದ್ದು ಕಂಡರೆ, ಅಥವಾ ಕೈಬಣ್ಣವಿದ್ದರೆ, ಬಿಚ್ಚುವ ಕೆಲಸವನ್ನು ಛಾಯಾಚಿತ್ರ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಗೇ ಬಿಡಬೇಕು. ತೊಳೆಯುವಾಗ ಉಳಿದ ಹೈಪೋದಿಂದ (ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕದಿಂದ) ಹಳದಿಯಾದ ಚಿತ್ರಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಇಲ್ಲ; ಡಿಜಿಟಲ್ ಪ್ರತಿ ತೆಗೆದಿಡುವುದೊಂದೇ ದಾರಿ.

ಇಡುವಾಗ ಪ್ರತಿ ಸ್ಲೈಡನ್ನೂ ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಉದ್ದ ಅಂಚಿನ ಮೇಲೆ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಒಡೆಯುತ್ತವೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 30ರಿಂದ 40ರ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಒಳ್ಳೆಯದು. ತೀರ ಒಣಗಿದರೆ ಪದರ ಸಿಡಿದೇಳುತ್ತದೆ, ಹೆಚ್ಚಾದರೆ ಗಾಜು ಬೆವರುತ್ತದೆ. ಲಕೋಟೆಯೊಳಗೆ ಸ್ಲೈಡು ಸೇರಿಸುವ ಮೊದಲೇ ಪೆನ್ಸಿಲಿನಿಂದ ಅದರ ಮೇಲೆ ಬರೆಯಿರಿ: ಚೀಟಿಯಲ್ಲಿ ಏನಿದೆ, ಕಟ್ಟಡ ನೋಡಿದರೆ ಏನೆನಿಸುತ್ತದೆ, ಯಾವ ದೋಷ ಯಾವ ಪದರದಲ್ಲಿದೆ, ಏನು ಮಾಡಲಾಯಿತು, ಏನನ್ನು ಮುಟ್ಟಲಿಲ್ಲ. ನೀಲಿ ಹರಡಿದ ಆ ಕಿಟಕಿಯ ಸ್ಲೈಡಿನ ಲಕೋಟೆಯ ಮೇಲೆ ನಾನು ಬರೆದದ್ದು ಇಷ್ಟು: "ಚಿತ್ರಪದರದ ಕೈಬಣ್ಣ ಒದ್ದೆ ಹತ್ತಿಯಿಂದ ಎಡದಿಂದ ಬಲಕ್ಕೆ ಹರಡಿದೆ. ಹೊದಿಕೆ ಗಾಜಿನ ಹೊರಮೈಯಲ್ಲಿ ಗೋಂದಿನ ಕಲೆ, ಮೇಲಿನ ಬಲಮೂಲೆ. ಒಳಮೈ ಮುಟ್ಟಿಲ್ಲ."